ಕಿರುಚಿತ್ರ ಮುಗೀತು, ಮುಂದೇನು?

ಎಡಿಟಿಂಗ್ ಮುಗಿದ ರಾತ್ರಿಯೇ ಯೂಟ್ಯೂಬ್‌ಗೆ ಏರಿಸಿ, ಬೆಳಗಾಗುವುದರೊಳಗೆ ವಾಟ್ಸ್‌ಆ್ಯಪ್ ಗುಂಪುಗಳಿಗೆಲ್ಲ ಲಿಂಕ್ ಹಾಕಿಬಿಡುವುದು ಕಲಬುರಗಿಯ ಹೊಸ ನಿರ್ದೇಶಕರ ರೂಢಿ. ಎರಡು ದಿನ ‘ಸೂಪರ್ ಅದ ಅಣ್ಣಾ’ ಬರುತ್ತದೆ, ಆಮೇಲೆ ನೋಡುಗರ ಸಂಖ್ಯೆ ನಿಂತಲ್ಲೇ ನಿಲ್ಲುತ್ತದೆ. ಆನ್‌ಲೈನ್‌ನಲ್ಲಿ ಎಲ್ಲರಿಗೂ ಸಿಗುವ ಚಿತ್ರವನ್ನು ಹಲವು ಚಿತ್ರೋತ್ಸವಗಳು ಸ್ಪರ್ಧೆಗೆ ತೆಗೆದುಕೊಳ್ಳುವುದೇ ಇಲ್ಲ. ತೊಗರಿ ರಾಶಿ ಮಾಡಿದವರು ಕಣಕ್ಕೆ ಬಂದ ಮೊದಲ ದಲಾಲಿಗೇ ಚೀಲ ಎತ್ತಿಕೊಡುವುದಿಲ್ಲ, ಧಾರಣೆ ನೋಡುತ್ತಾರೆ. ಚಿತ್ರಕ್ಕೂ ಅಷ್ಟು ತಾಳ್ಮೆ ಬೇಕು. ಮೊದಲು ಕಾಗದಪತ್ರ, ಆಮೇಲೆ ಚಿತ್ರೋತ್ಸವ, ನಂತರ ಊರವರ ಮುಂದೆ ಪ್ರದರ್ಶನ, ಯೂಟ್ಯೂಬ್ ಎಲ್ಲಕ್ಕಿಂತ ಕಡೆಗೆ.

1. ಸಹಿ ಹಾಕಿಸಿಕೊಳ್ಳಿ

ಗೆಳೆಯರೇ ನಟರು, ಗೆಳೆಯನೇ ಸಂಗೀತಗಾರ ಎಂದು ಕಾಗದ ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೇ ಕಲಂ ಪ್ರಕಾರ ಹಕ್ಕು ವರ್ಗಾವಣೆ ಬರವಣಿಗೆಯಲ್ಲಿದ್ದು, ಸಹಿ ಇರಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ. ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕಷ್ಟೇ. ಹೊರದೇಶದ ಉತ್ಸವಕ್ಕೆ ಕಳಿಸುವ ಆಸೆಯಿದ್ದವರು ‘ಜಗತ್ತಿನಾದ್ಯಂತ’ ಎಂದೂ, ಎಷ್ಟು ಕಾಲಕ್ಕೆ ಎಂದೂ ಬರೆಸಿಕೊಳ್ಳಲಿ.

ನಮ್ಮ ಭಾಗದ ಚಿತ್ರಗಳು ಹೆಚ್ಚು ಸಿಕ್ಕಿಬೀಳುವುದು ಹಾಡಿನಲ್ಲಿ. ಕಡಕೋಳ ಮಡಿವಾಳಪ್ಪನವರ ತತ್ವಪದಗಳ ಹಕ್ಕಿನ ಅವಧಿ ಎಂದೋ ಮುಗಿದಿದೆ, ಯಾರು ಬೇಕಾದರೂ ಹಾಡಬಹುದು. ಆದರೆ ಕಂಪನಿಯೊಂದು ಹಾಡಿಸಿ ಹೊರತಂದ ಧ್ವನಿಮುದ್ರಣದ ಹಕ್ಕು 60 ವರ್ಷ ಇರುತ್ತದೆ. ಅದನ್ನು ಎತ್ತಿ ಹಿನ್ನೆಲೆಗೆ ಹಾಕಿದರೆ ಯೂಟ್ಯೂಬಿನ ಕಂಟೆಂಟ್ ಐಡಿ, ಅಂದರೆ ಬೇರೆಯವರ ಹಾಡನ್ನು ತಾನೇ ಗುರುತಿಸುವ ವ್ಯವಸ್ಥೆ, ಹಿಡಿಯುತ್ತದೆ. ಅದರ ಬದಲು ಜೇವರ್ಗಿ, ಆಳಂದ ಕಡೆಯ ಯಾವುದಾದರೂ ಭಜನಾ ಮಂಡಳಿಯಿಂದ ಅದೇ ಪದ ಹಾಡಿಸಿ. ಸಂಭಾವನೆ ಕೊಟ್ಟು, ಸಹಿ ಪಡೆಯಿರಿ. ಕಂಪನಿಯ ಸ್ಟುಡಿಯೋ ಹಾಡಿಗಿಂತ ಅದು ಚಿತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತದೆ.

2. ಬೇಕಾದ ಸಾಮಾನು

ನಾಲ್ಕೈದು ಸ್ಥಿರಚಿತ್ರ, ಒಂದು ಪೋಸ್ಟರ್, ಎರಡು ಸಾಲಿನ ಕಥಾಸಾರ, ನೂರೈವತ್ತು ಪದದ ಇನ್ನೊಂದು ಸಾರ, ನಿರ್ದೇಶಕರ ಫೋಟೊ. ವಿಡಿಯೊದಿಂದ ಕತ್ತರಿಸಿದ ಫ್ರೇಮು ಅಚ್ಚಿನಲ್ಲಿ ಮಸುಕಾಗುತ್ತದೆ. ಚಿತ್ರೀಕರಣದ ದಿನವೇ ಒಬ್ಬರ ಕೈಗೆ ಕ್ಯಾಮೆರಾ ಕೊಟ್ಟಿರಿ. ಇಂಗ್ಲಿಷ್ ಸಬ್‌ಟೈಟಲ್ ಕಡ್ಡಾಯ. ಅದನ್ನು ಯಂತ್ರಾನುವಾದಕ್ಕೆ ಬಿಡದೆ, ಕಲಬುರಗಿ ಮಾತು ಬಲ್ಲವರಿಂದ ಮಾಡಿಸಿ.

3. ಚಿತ್ರೋತ್ಸವಕ್ಕೆ

ಹೆಚ್ಚಿನ ಅರ್ಜಿಗಳು ಫಿಲ್ಮ್‌ಫ್ರೀವೇ ಎಂಬ ಜಾಲತಾಣದ ಮೂಲಕ ಹೋಗುತ್ತವೆ. ಖಾತೆ ತೆರೆಯಲು ದುಡ್ಡಿಲ್ಲ. ಪ್ರವೇಶ ಶುಲ್ಕ ಮಾತ್ರ ಆಯಾ ಉತ್ಸವದ್ದು, ಬಹಳ ಸಲ ಡಾಲರಿನಲ್ಲಿ. ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟು ಚಾಲೂ ಮಾಡಿಕೊಳ್ಳಿ. ಕೊನೆಯ ದಿನ ಹತ್ತಿರವಾದಂತೆ ಶುಲ್ಕ ಏರುತ್ತದೆ. ವಿದ್ಯಾರ್ಥಿ ಎಂದೋ, ಮೊದಲ ಚಿತ್ರ ಎಂದೋ ಆಯೋಜಕರಿಗೆ ಬರೆದು ರಿಯಾಯಿತಿ ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಕೆಲವರು ಪೂರ್ತಿ ಮನ್ನಾ ಮಾಡುತ್ತಾರೆ.

ಹತ್ತಿರದಿಂದ ಶುರು ಮಾಡಿ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ ಆಸ್ಕರ್ ಅರ್ಹತಾ ಪಟ್ಟಿಯಲ್ಲಿರುವ ಉತ್ಸವ, ಅಂದರೆ ಅಲ್ಲಿ ಗೆದ್ದರೆ ಆಸ್ಕರ್ ಸ್ಪರ್ಧೆಗೆ ಅರ್ಜಿ ಹಾಕುವ ಅರ್ಹತೆ ಸಿಗುತ್ತದೆ. ತಿರುವನಂತಪುರದಲ್ಲಿ ಕೇರಳ ಚಲಚಿತ್ರ ಅಕಾಡೆಮಿ ನಡೆಸುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ 2008ರಿಂದ ಇದೆ. ಮುಂಬೈನದು 1990ರಲ್ಲಿ ಶುರುವಾದದ್ದು, ಎರಡು ವರ್ಷಕ್ಕೊಮ್ಮೆ. ಆಯ್ಕೆಯಾದರೆ ಹೋಗಿಬರುವುದೂ ಕಷ್ಟವಲ್ಲ: ನಮ್ಮ ಸ್ಟೇಷನ್ನಿನಲ್ಲಿ ನಿಲ್ಲುವ ಉದ್ಯಾನ್ ಎಕ್ಸ್‌ಪ್ರೆಸ್ ಒಂದು ತುದಿಗೆ ಮುಂಬೈ, ಇನ್ನೊಂದು ತುದಿಗೆ ಬೆಂಗಳೂರು ಮುಟ್ಟಿಸುತ್ತದೆ.

ಚಿತ್ರದ ಉದ್ದ ನೋಡಿಕೊಳ್ಳಿ. ಆಸ್ಕರ್ ಲೆಕ್ಕದಲ್ಲಿ ಹೆಸರುಗಳ ಪಟ್ಟಿ ಸೇರಿ 40 ನಿಮಿಷದೊಳಗಿದ್ದರೆ ಕಿರುಚಿತ್ರ. ಫ್ರಾನ್ಸಿನ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ 15 ನಿಮಿಷ ಮೀರುವಂತಿಲ್ಲ. ಒಂದೂವರೆ ತಾಸಿನ ಪ್ರದರ್ಶನದಲ್ಲಿ ಆರೇಳು ಚಿತ್ರ ಹೊಂದಿಸಬೇಕಾದ ಆಯ್ಕೆಗಾರರಿಗೆ 12 ನಿಮಿಷದ ಚಿತ್ರ 28 ನಿಮಿಷದ್ದಕ್ಕಿಂತ ಸಲೀಸು. ನಿಮ್ಮದರಲ್ಲಿ ಬರೀ ಹೊಲ, ಸಂಜೆ, ಡ್ರೋನ್ ಇರುವ ನಿಮಿಷಗಳನ್ನು ಕತ್ತರಿಸಿ ನೋಡಿ.

ಒಂದು ಎಚ್ಚರಿಕೆ. ಪ್ರತಿ ತಿಂಗಳೂ ಪ್ರಶಸ್ತಿ ಹಂಚುವ, ಎಲ್ಲಿ ಪ್ರದರ್ಶನ ನಡೆಯುತ್ತದೆಂದು ಹೇಳದ, ಗೆದ್ದ ಮೇಲೆ ಟ್ರೋಫಿಗೂ ದುಡ್ಡು ಕೇಳುವ ‘ಅಂತರರಾಷ್ಟ್ರೀಯ’ ಉತ್ಸವಗಳು ಬೇಕಾದಷ್ಟಿವೆ. ಉತ್ಸವಕ್ಕೆ ಆಯ್ಕೆಯಾದದ್ದಕ್ಕೆ, ಗೆದ್ದದ್ದಕ್ಕೆ ಕೊಡುವ ಎಲೆಬಳ್ಳಿಯ ಗುರುತು (ಲಾರೆಲ್) ಇಂಥವರಿಂದ ಹತ್ತು ಪಡೆದು ಪೋಸ್ಟರಿನ ಮೇಲೆ ಅಂಟಿಸಿದರೆ ಬಲ್ಲವರು ನಗುತ್ತಾರೆ. ಹೋದ ವರ್ಷ ಯಾವ ಸಭಾಂಗಣದಲ್ಲಿ ನಡೆಯಿತು, ತೀರ್ಪುಗಾರರು ಯಾರು ಎಂದು ಹುಡುಕಿ, ಆಮೇಲೆ ದುಡ್ಡು ಕಟ್ಟಿ.

4. ಸೆನ್ಸಾರ್ ಬೇಕೇ?

ಯೂಟ್ಯೂಬ್‌ಗೆ ಬೇಕಿಲ್ಲ. ಥಿಯೇಟರ್ ಮತ್ತು ಸಾರ್ವಜನಿಕ ಪ್ರದರ್ಶನಕ್ಕೆ, ರಾಷ್ಟ್ರ ಪ್ರಶಸ್ತಿಯ ಅರ್ಜಿಗೆ ಬೇಕು. ಅರ್ಜಿ ಆನ್‌ಲೈನ್, ನಮಗೆ ಸೆನ್ಸಾರ್ ಮಂಡಳಿಯ ಬೆಂಗಳೂರು ಪ್ರಾದೇಶಿಕ ಕಚೇರಿ. ಹಳ್ಳಿ ಕಥೆ ಎಂದರೆ ಎತ್ತು, ಆಡು ಇದ್ದೇ ಇರುತ್ತವೆ. ಪ್ರಾಣಿಗಳನ್ನು ನಟನೆಗೆ ಬಳಸಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳುತ್ತಾರೆ, ಚಿತ್ರೀಕರಣಕ್ಕೆ ಮೊದಲೇ ಅದಕ್ಕೆ ಬರೆದಿರಬೇಕು. ಬೀಡಿ ಸೇದುವ ದೃಶ್ಯವಿದ್ದರೆ ಎಚ್ಚರಿಕೆಯ ಸಾಲು ಹಾಕಿ.

5. ಊರವರ ಮುಂದೆ

ಡಾ. ಎಸ್.ಎಂ. ಪಂಡಿತ ರಂಗಮಂದಿರವನ್ನೇ ಬುಕ್ ಮಾಡುವ ಹುಮ್ಮಸ್ಸು ಬೇಡ. ಅರ್ಧ ಖಾಲಿ ದೊಡ್ಡ ಸಭಾಂಗಣಕ್ಕಿಂತ ತುಂಬಿದ ಕಾಲೇಜು ಸೆಮಿನಾರ್ ಹಾಲ್ ಎಷ್ಟೋ ಮೇಲು. ಗುಲಬರ್ಗಾ ವಿಶ್ವವಿದ್ಯಾಲಯದ ಪತ್ರಿಕೋದ್ಯಮ ವಿಭಾಗದಂಥ ಕಡೆ ‘ಚಿತ್ರ, ಆಮೇಲೆ ಚರ್ಚೆ’ ಎಂದು ಕೇಳಿ ನೋಡಿ. ಸೆನ್ಸಾರ್ ಪ್ರಮಾಣಪತ್ರ ಇಲ್ಲದಿದ್ದರೆ ಟಿಕೆಟ್ ಇಡದೆ, ಆಹ್ವಾನಿತರಿಗಷ್ಟೇ ತೋರಿಸಿ. ಇಂಥ ಖಾಸಗಿ ಪ್ರದರ್ಶನವನ್ನು ಉತ್ಸವಗಳು ಸಾಮಾನ್ಯವಾಗಿ ಬಿಡುಗಡೆ ಎಂದು ಎಣಿಸುವುದಿಲ್ಲ, ಆದರೂ ನಿಯಮ ಓದಿಕೊಳ್ಳಿ.

ಚಿತ್ರೀಕರಣ ನಡೆದ ಹಳ್ಳಿಗೆ ಮರಳಿ ಹೋಗುವುದನ್ನು ಮಾತ್ರ ತಪ್ಪಿಸಬೇಡಿ. ನಟಿಸಿದವರು, ಮನೆ ಬಿಟ್ಟುಕೊಟ್ಟವರು, ಊಟ ಹಾಕಿದವರು, ಅವರ ಮನೆಯವರೆಲ್ಲರನ್ನೂ ಕರೆಯಿರಿ. ಡಿಸೆಂಬರ್, ಜನವರಿ ತೊಗರಿ ಕಟಾವಿನ ಕಾಲ, ಯಾರಿಗೂ ಪುರಸೊತ್ತಿಲ್ಲ. ಹೋಳಿ ಮುಗಿದ ಬೆನ್ನಿಗೆ ಶರಣಬಸವೇಶ್ವರ ಜಾತ್ರೆ. ಏಪ್ರಿಲ್ ಬಿಸಿಲು 40 ಡಿಗ್ರಿ ದಾಟಿದಾಗ ಜನ ರಾತ್ರಿ ಅಂಗಳದಲ್ಲೇ ಇರುತ್ತಾರೆ, ಅದೇ ಸರಿಯಾದ ಹೊತ್ತು. ಪ್ರೊಜೆಕ್ಟರ್ ಸಾಧಾರಣದ್ದಾದರೂ ನಡೆದೀತು, ಮಾತು ಕೇಳದಿದ್ದರೆ ಜನ ಎದ್ದು ಹೋಗುತ್ತಾರೆ. ಮದುವೆಗೆ ಸೌಂಡ್ ಸಿಸ್ಟಂ ಕೊಡುವವರಿಂದ ಒಳ್ಳೆಯ ಸ್ಪೀಕರ್ ತನ್ನಿ. ಕರೆಂಟ್ ಹೋದರೆ ಎಂದು ಜನರೇಟರ್ ಇರಲಿ. ಇನ್ನು, ಹದಿನೈದು ನಿಮಿಷದ ಚಿತ್ರಕ್ಕೆ ಒಂದು ತಾಸಿನ ಶಾಲು, ಸನ್ಮಾನ ಬೇಡ. ಹಾಕಲೇಬೇಕಾದರೆ ಚಿತ್ರ ತೋರಿಸಿದ ಮೇಲೆ ಹಾಕಿ.

ನಾಲ್ಕು ದಿನ ಮೊದಲೇ ಪತ್ರಿಕೆಗಳ ಜಿಲ್ಲಾ ವರದಿಗಾರರಿಗೆ ಒಂದು ಪುಟದ ಟಿಪ್ಪಣಿ, ಎರಡು ಒಳ್ಳೆಯ ಫೋಟೊ ಕಳಿಸಿ. ‘ವಿಭಿನ್ನ ಕಥೆ’ ಎಂಬ ಪದ ಕಂಡರೆ ಅವರು ಮುಂದೆ ಓದುವುದಿಲ್ಲ. ಯಾವ ಊರು, ಯಾರ ಕಥೆ, ನಟಿಸಿದವರು ಯಾರು ಎಂದು ನೇರ ಬರೆಯಿರಿ.

6. ಕಡೆಗೆ ಯೂಟ್ಯೂಬ್

ಉತ್ಸವಗಳ ಉತ್ತರ ಬಂದು ಮುಗಿದ ಮೇಲೆ ದಿನ ಗೊತ್ತು ಮಾಡಿ. ಅದಕ್ಕೂ ವಾರ ಮೊದಲು ಮೊಬೈಲ್‌ಗೆ ಹೊಂದುವ ಲಂಬ (ವರ್ಟಿಕಲ್) ಅಳತೆಯ ಅರ್ಧ ನಿಮಿಷದ ತುಣುಕು ಬಿಡಿ. ಶೀರ್ಷಿಕೆ, ವಿವರಣೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇರಲಿ. ಸಬ್‌ಟೈಟಲ್ ಕಡತವನ್ನು ಬೇರೆಯಾಗಿ ಸೇರಿಸಿ.

ಹಣದ ಲೆಕ್ಕ ಮೊದಲೇ ತಿಳಿದಿರಲಿ. ಜಾಹೀರಾತಿನ ಪಾಲು ಸಿಗಲು 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ತಾಸು ವೀಕ್ಷಣೆ ಆಗಬೇಕು. 12 ನಿಮಿಷದ ಚಿತ್ರವನ್ನು 20,000 ಸಲ ಪೂರ್ತಿ ನೋಡಿದರೆ ಅಷ್ಟಾಗುತ್ತದೆ. ಹಾಗಾಗಿ ಮೊದಲ ಚಿತ್ರವನ್ನು ಹೆಸರಿದ್ದ ಚಾನೆಲ್‌ಗೆ ಕೊಡುವುದು ತಪ್ಪಲ್ಲ. ಆದರೆ ಎಷ್ಟು ವರ್ಷಕ್ಕೆ, ಅವರೊಬ್ಬರಿಗೇನಾ, ಆದಾಯದಲ್ಲಿ ಪಾಲೆಷ್ಟು, ಟಿವಿ ಅಥವಾ ಒಟಿಟಿ ಕೇಳಿದರೆ ಹಕ್ಕು ಯಾರದು ಎಂಬ ನಾಲ್ಕು ಉತ್ತರ ಕಾಗದದ ಮೇಲೆ ಬರದೆ ಮೂಲ ಕಡತ ಕೊಡಬೇಡಿ. ‘ಶಾಶ್ವತ ಹಕ್ಕು’ ಎಂದು ಬರೆದಿದ್ದರೆ ಅದನ್ನು ಹೊಡೆದು ಮೂರು ವರ್ಷ ಎಂದು ಬರೆದು ವಾಪಸ್ ಕಳಿಸಿ.