ವಿಜಯಪುರದ ನಮ್ಮ ಮನೆಯಲ್ಲಿ ಅನಿಮೋನ್ ಕಾಲೂರಿದ್ದು

ಮನೆಯ ಉಪ್ಪುನೀರಿನ ಮೀನಿನ ಟ್ಯಾಂಕ್‌ಗೆ ತಂದ ನಮ್ಮ ಮೊದಲ ಅನಿಮೋನ್ ಅನ್ನೋ ಕಡಲಜೀವಿ ಮೂರನೇ ರಾತ್ರಿಯೇ ಸತ್ತಿತು. ನಾನು ಕೂರಿಸಿದ ಕಲ್ಲು ಅದಕ್ಕೆ ಹಿಡಿಸಲಿಲ್ಲ. ರಾತ್ರಿ ಅಲ್ಲಿಂದ ನಡೆದುಕೊಂಡು ಹೋಗಿ ವೇವ್‌ಮೇಕರ್‌ಗೆ, ಅಂದರೆ ನೀರಲ್ಲಿ ಅಲೆ ಎಬ್ಬಿಸುವ ಪಂಪಿಗೆ, ಸಿಕ್ಕಿಕೊಂಡಿತು. ಬೆಳಿಗ್ಗೆ ನೋಡಿದರೆ ನೀರೆಲ್ಲ ಮಬ್ಬು, ಎರಡು ಮೀನು ತಳದಲ್ಲಿ ಬಿದ್ದಿದ್ದವು. ಅವತ್ತೇ ಟ್ಯಾಂಕ್‌ನಿಂದ 80 ಲೀಟರ್ ತೆಗೆದು ಡ್ರಮ್‌ನಲ್ಲಿ ಕಲಸಿಟ್ಟಿದ್ದ ಉಪ್ಪುನೀರು ತುಂಬಿದೆ, ವಿಷ ಹೀರಿಕೊಳ್ಳಲಿ ಅಂತ ಕಾರ್ಬನ್ ಹಾಕಿದೆ. ಉಳಿದ ಮೀನು ಬದುಕಿದವು. ಆಮೇಲೆ ಒಂಬತ್ತು ತಿಂಗಳು ನಾನು ಇನ್ನೊಂದನ್ನು ತರಲಿಲ್ಲ.

ನೋಡೋಕೆ ಹೂವಿನ ಹಾಗಿದ್ದರೂ ಅನಿಮೋನ್ ಪ್ರಾಣಿ. ಅದಕ್ಕೆ ಪಾದ ಇದೆ, ಬಾಯಿ ಇದೆ, ಮೀನು ಹಿಡಿಯುವ ಬೆರಳುಗಳಿವೆ. ಎಲ್ಲಿ ಇರಬೇಕು ಅನ್ನೋದನ್ನು ಅದೇ ತೀರ್ಮಾನ ಮಾಡುತ್ತದೆ. ನಾವು ಮಾಡಬೇಕಾದ ಕೆಲಸವೆಲ್ಲ ಅದು ಮನೆಗೆ ಬರುವ ಮುಂಚಿನದು. ಮೊದಲ ಸಲ ನನಗೆ ಇದು ಗೊತ್ತಿರಲಿಲ್ಲ. ಟ್ಯಾಂಕ್‌ಗೆ ಆಗ ಬರೀ ಎರಡು ತಿಂಗಳಾಗಿತ್ತು.

ನಮ್ಮದು ನಾಲ್ಕು ಅಡಿ ಉದ್ದದ, ಸುಮಾರು 250 ಲೀಟರಿನ ಟ್ಯಾಂಕ್. ವಿಜಯಪುರದಲ್ಲಿ ಬೋರ್ ನೀರು ತುಂಬಾ ಗಡುಸು, ಅದನ್ನು ನೇರವಾಗಿ ಹಾಕುವ ಹಾಗೇ ಇಲ್ಲ. ಆರ್‌ಓ ನೀರಿಗೆ ಸಮುದ್ರದ ಉಪ್ಪು ಕಲಸುತ್ತೇನೆ. ನಮ್ಮ ಊರಿನಲ್ಲಿ ಅದಕ್ಕಿಂತ ದೊಡ್ಡ ತೊಂದರೆ ಒಣಗಾಳಿ. ಬೇಸಿಗೆಯಲ್ಲಿ ನೀರು ತಂಪಾಗಿರಲಿ ಅಂತ ಎರಡು ಸಣ್ಣ ಫ್ಯಾನ್ ಇಟ್ಟರೆ ದಿನಕ್ಕೆ ನಾಲ್ಕೈದು ಲೀಟರ್ ಆವಿಯಾಗಿ ಹೋಗುತ್ತದೆ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಅದಕ್ಕೇ ಇಳಿದಷ್ಟನ್ನು ಉಪ್ಪಿಲ್ಲದ ಆರ್‌ಓ ನೀರಿನಿಂದಲೇ ತುಂಬಬೇಕು, ಅದೂ ದಿನಾಲು. ಮೀನು ಈ ಏರಿಳಿತ ತಡೆದುಕೊಳ್ಳಬಹುದು, ಅನಿಮೋನ್‌ಗೆ ಕಷ್ಟ. ಒಂಬತ್ತು ತಿಂಗಳು ನಾನು ಕಲಿತದ್ದು ಇದನ್ನೇ. ಉಪ್ಪಿನ ಅಳತೆ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಅನ್ನೋ ಲೆಕ್ಕ) 1.025, ಬಿಸಿ 26 ಡಿಗ್ರಿ, ನೀರಿನ ಪಿಎಚ್ ಅಲ್ಲಾಡದಂತೆ ಹಿಡಿಯುವ ಆಲ್ಕಲಿನಿಟಿ 8ರಿಂದ 9 ಡಿಕೆಎಚ್, ಹೊಲಸಿನಿಂದ ಆಗುವ ನೈಟ್ರೇಟ್ 10 ಪಿಪಿಎಂ ಒಳಗೆ. ಇವು ವಾರಗಟ್ಟಲೆ ಅಲ್ಲಾಡದೆ ನಿಂತ ಮೇಲೆ ಇನ್ನೊಂದು ಅನಿಮೋನ್ ಬೇಕು ಅಂತ ಫೋನ್ ಮಾಡಿದೆ.

ಡಿಸೆಂಬರ್‌ನಲ್ಲೇ ತರಿಸಿದೆ. ಮೇ ತಿಂಗಳ 40 ಡಿಗ್ರಿಯಲ್ಲಿ ಬಸ್ಸಿನ ಡಿಕ್ಕಿಯೊಳಗೆ ಜೀವ ತರಿಸುವುದು ಸರಿಯಲ್ಲ ಅಲ್ವಾ? ತರಿಸಿದ್ದು ಬೆರಳ ತುದಿ ಗುಳ್ಳೆಯ ಹಾಗೆ ಉಬ್ಬುವ ಬಬಲ್ ಟಿಪ್ ಜಾತಿ. ಇದು ತಾನೇ ಸೀಳಿಕೊಂಡು ಎರಡಾಗುವುದರಿಂದ ಇನ್ನೊಬ್ಬರ ಟ್ಯಾಂಕ್‌ನಲ್ಲೇ ಹುಟ್ಟಿದ್ದು ಸಿಗುತ್ತದೆ. ಮೊದಲು ವಿಡಿಯೋ ಕಳಿಸಿ ಅಂದೆ. ಬಾಯಿ ಬಿಗಿಯಾಗಿ ಮುಚ್ಚಿದೆಯಾ, ಪಾದ ಹರಿದಿಲ್ಲ ತಾನೇ, ಮೈ ಕಂದು ಬಣ್ಣಕ್ಕಿದೆಯಾ ಅಂತ ನೋಡಿದೆ. ಹಾಲಿನಂಥ ಬಿಳಿ ಅನಿಮೋನ್ ಎಷ್ಟೇ ಚಂದ ಕಂಡರೂ ಬೇಡ. ಮೈಯೊಳಗಿನ ಪಾಚಿ ಬೆಳಕಿನಿಂದ ಆಹಾರ ಮಾಡಿ ಅದಕ್ಕೂ ಪಾಲು ಕೊಡುತ್ತದೆ. ಬಿಳಿ ಅಂದರೆ ಆ ಪಾಚಿ ಬಿಟ್ಟುಹೋಗಿದೆ, ಅದು ಹಸಿದಿದೆ ಅಂತ ಅರ್ಥ.

ಮುಂಬೈನಿಂದ ರಾತ್ರಿ ಬಸ್ಸಿಗೆ ಥರ್ಮಾಕೋಲ್ ಡಬ್ಬಿಯಲ್ಲಿ ಹಾಕಿದರು. ಸೊಲ್ಲಾಪುರ ದಾಟಿದೆವು ಅಂತ ಬೆಳಿಗ್ಗೆ ಡ್ರೈವರ್ ಫೋನ್ ಮಾಡಿದರು. ಅಷ್ಟರಲ್ಲಿ ನಾನು ಎರಡು ಕೆಲಸ ಮುಗಿಸಿದ್ದೆ. ವೇವ್‌ಮೇಕರ್‌ಗಳಿಗೆಲ್ಲ ದಪ್ಪ ರಂಧ್ರದ ಸ್ಪಂಜು ಸುತ್ತಿ ಪ್ಲಾಸ್ಟಿಕ್ ಟೈ ಬಿಗಿದಿದ್ದೆ. ಲೈಟನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದ್ದೆ.

ಮೊದಲು ಚೀಲವನ್ನು ಬಿಚ್ಚದೆ ಇಪ್ಪತ್ತು ನಿಮಿಷ ಟ್ಯಾಂಕ್‌ನಲ್ಲಿ ತೇಲಿಬಿಟ್ಟೆ. ಆಮೇಲೆ ಬಕೆಟ್‌ಗೆ ಸುರಿದು ಉಪ್ಪು ನೋಡಿದರೆ 1.022. ಗಾಳಿ ಪಂಪಿನ ಸಣ್ಣ ಪೈಪಿಗೆ ಗಂಟು ಹಾಕಿ ಟ್ಯಾಂಕ್ ನೀರನ್ನು ಹನಿಹನಿಯಾಗಿ ಬಿಟ್ಟೆ. ಬಕೆಟ್ ತುಂಬುತ್ತ ಬಂದಾಗ ಅರ್ಧ ಚೆಲ್ಲಿ ಗಂಟು ಸ್ವಲ್ಪ ಸಡಿಲಿಸಿದೆ. ಇದನ್ನು ಗಂಟೆಗಟ್ಟಲೆ ಎಳೆಯಬಾರದು. ದೂರದಿಂದ ಬಂದ ಚೀಲದಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಚೀಲ ತೆರೆದಾಗ ಅದು ಹೊರಗೆ ಹೋಗಿ ಪಿಎಚ್ ಏರುತ್ತದೆ, ನೀರಿನಲ್ಲಿ ಸೇರಿದ ಹೊಲಸು ವಿಷದ ಅಮೋನಿಯಾ ಆಗುತ್ತದೆ. ನಾನು 50 ನಿಮಿಷಕ್ಕೆ ನಿಲ್ಲಿಸಿದೆ. ಬಕೆಟ್ ನೀರು ಒಂದು ತೊಟ್ಟೂ ಟ್ಯಾಂಕ್‌ಗೆ ಹೋಗಲಿಲ್ಲ.

ವೇವ್‌ಮೇಕರ್ ಎಲ್ಲ ಬಂದ್ ಮಾಡಿ, ಗ್ಲೌಸ್ ಹಾಕಿಕೊಂಡು ಅದನ್ನು ಬೊಗಸೆಯಲ್ಲಿ ಎತ್ತಿದೆ. ತಣ್ಣಗೆ, ಒದ್ದೆ ಮೈದಾ ಉಂಡೆಯ ಹಾಗಿತ್ತು. ಅದರ ಬೆರಳುಗಳು ಗ್ಲೌಸಿಗೆ ಅಂಟಿದವು. ಅಂಟಿದ್ದು ನೋಡಿ ಧೈರ್ಯ ಬಂತು, ಆರೋಗ್ಯವಾಗಿರುವುದೇ ಹಾಗೆ ಅಂಟೋದು. ಕಲ್ಲಿನ ನಡುವೆ ಒಂದು ಬಿರುಕಿತ್ತು, ಒಳಗೆ ಕತ್ತಲು, ಮೇಲೆ ಬೆಳಕು. ಪಾದವನ್ನು ಬಿರುಕಿನ ಕಡೆ ಮಾಡಿ ಇಟ್ಟೆ. ಮೇಲೆ ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಬೋರಲು ಹಾಕಿದೆ. ಅದು ತೇಲಿಹೋಗಬಾರದು, ಅನಿಮೋನ್ ಒಳಗೆ ಮನೆ ಮಾಡಿಕೊಳ್ಳುವ ಕ್ಲೌನ್ ಮೀನುಗಳೂ ಬಂದು ಕಾಡಬಾರದು.

ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಪಾದದ ಅಂಚು ಕಲ್ಲಿನ ಮೇಲೆ ನಿಧಾನಕ್ಕೆ ಹರಡಿಕೊಂಡಿತು, ರೊಟ್ಟಿ ತಟ್ಟುವಾಗ ಹಿಟ್ಟು ಅಗಲವಾಗುತ್ತದಲ್ಲ, ಹಾಗೆ. ಇಪ್ಪತ್ತೈದು ನಿಮಿಷಕ್ಕೆ ಬಿಗಿಯಾಗಿ ಹಿಡಿಯಿತು. ಒಂದು ಗಂಟೆ ಬಿಟ್ಟು ಒಂದೇ ವೇವ್‌ಮೇಕರ್ ಸಣ್ಣಗೆ ಹಚ್ಚಿದೆ. ಬುಟ್ಟಿ ಮರುದಿನ ತೆಗೆದೆ.

ಮೂರನೇ ದಿನ ಬೆಳಿಗ್ಗೆ ಅವ್ವ ಕೂಗಿದಳು. "ಏ ತಮ್ಮಾ, ನಿನ್ನ ಹೂವ ಅಲ್ಲಿಲ್ಲ ನೋಡು, ಮ್ಯಾಲ ಹೋಗೈತಿ." ಎದೆ ಧಸಕ್ ಅಂತು. ಹೋಗಿ ನೋಡಿದರೆ ಬಿರುಕಿನಿಂದ ಒಂದು ಗೇಣು ಮೇಲೆ ಬೇರೊಂದು ತೂತಿಗೆ ಕಾಲಿಟ್ಟಿತ್ತು. ನಾನು ಮುಟ್ಟಲಿಲ್ಲ. ಎಳೆದರೆ ಪಾದ ಹರಿಯುತ್ತದೆ, ಪಾದ ಹರಿದರೆ ಉಳಿಯೋದು ಕಷ್ಟ. ಆ ತೂತಿನಿಂದ ಅದು ಮುಂದೆ ಕದಲಲೇ ಇಲ್ಲ.

ಐದನೇ ದಿನ ಇನ್ನೊಂದು ಹೆದರಿಕೆ. ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಕುಗ್ಗಿ, ಬಾಯಿಂದ ಕಂದು ಲೋಳೆ ಬಿಟ್ಟಿತು. ಸತ್ತೇ ಹೋಯಿತು ಅಂದುಕೊಂಡೆ. ಸತ್ತ ಅನಿಮೋನ್ ಕೊಳೆತು ನಾರುತ್ತದೆ, ಮುಟ್ಟಿದರೆ ಕರಗಿ ಬರುತ್ತದೆ. ಇದು ಹಾಗಿರಲಿಲ್ಲ, ಬಾಯಿ ಮತ್ತೆ ಮುಚ್ಚಿತ್ತು. ಅದು ಹೊಲಸು ಹೊರಗೆ ಹಾಕುವ ರೀತಿಯೇ ಅದು. ಸಂಜೆಗೆ ಮತ್ತೆ ಉಬ್ಬಿ ನಿಂತಿತು. ಸುಮ್ನೆ ಕಾಯಬೇಕು, ಅಷ್ಟೇ.

ಹತ್ತು ದಿನ ಏನೂ ತಿನ್ನಿಸಲಿಲ್ಲ. ಆಮೇಲೆ ಅರ್ಧ ಶೇಂಗಾ ಬೀಜದಷ್ಟು ಸಿಗಡಿ ಚೂರನ್ನು ಚಿಮಟದಲ್ಲಿ ಹಿಡಿದು ಅದರ ಬೆರಳಿಗೆ ಮುಟ್ಟಿಸಿದೆ. ಬೆರಳುಗಳು ಒಂದೊಂದಾಗಿ ಮಡಚಿ ಬಾಯಿಗೆ ಸಾಗಿಸಿದವು. ಈಗಲೂ ವಾರಕ್ಕೆ ಒಂದೇ ಸಲ. ದೊಡ್ಡ ಚೂರು ಕೊಟ್ಟರೆ ಮರುದಿನ ಉಗುಳುತ್ತದೆ. ಲೈಟನ್ನು ಮೂರು ವಾರದಲ್ಲಿ ಸ್ವಲ್ಪಸ್ವಲ್ಪವಾಗಿ ಏರಿಸಿದೆ. ಕರೆಂಟ್ ಹೋದರೆ ಒಂದು ವೇವ್‌ಮೇಕರ್ ಇನ್ವರ್ಟರ್‌ನಲ್ಲಿ ನಡೆಯುತ್ತದೆ.

ನಮ್ಮ ಎರಡು ಆಸೆಲ್ಲಾರಿಸ್ ಕ್ಲೌನ್ ಮೀನುಗಳು ಅದರ ಹತ್ತಿರ ಸುಳಿಯಲಿಲ್ಲ. ಸಮುದ್ರದಲ್ಲಿ ಅವು ಇರುವುದು ಬೇರೆ ಜಾತಿಯ ಅನಿಮೋನ್‌ಗಳಲ್ಲಿ, ಬಬಲ್ ಟಿಪ್ ಅವುಗಳಿಗೆ ಹೊಸದು. ಏಳನೇ ವಾರ ದೊಡ್ಡದು ಬಾಲ ಮಾತ್ರ ತಾಗಿಸಿ ಓಡಿತು. ಎರಡು ದಿನಕ್ಕೆ ಎರಡೂ ಒಳಗೆ ಮಲಗಿದ್ದವು.

ಹೋದ ಫೆಬ್ರವರಿಯಲ್ಲಿ ಅದು ಅಗಲಕ್ಕೆ ಜಗ್ಗಿಕೊಂಡು ಎರಡಾಯಿತು. ಒಂದು ಹಳೆ ತೂತಿನಲ್ಲೇ ಉಳಿದಿದೆ. ಇನ್ನೊಂದು ಹಿಂದಿನ ಗಾಜಿನ ಮೇಲೆ ಇನ್ನೂ ತಿರುಗುತ್ತಿದೆ, ನಿನ್ನೆಗಿಂತ ಇವತ್ತು ನಾಲ್ಕು ಬೆರಳು ಎಡಕ್ಕೆ. ರಾತ್ರಿ ಮಲಗುವ ಮುಂಚೆ ಸ್ಪಂಜುಗಳು ಬಿಗಿಯಾಗಿವೆಯಾ ಅಂತ ಮತ್ತೆ ಮುಟ್ಟಿ ನೋಡುತ್ತಿದ್ದೇನೆ.