ಡೀಸಲ್ ಕಾರ್ ಆಫ್ ಮಾಡ್ದಾಗ ಟರ್ಬೋ ಕಡೆಯಿಂದ ಸೌಂಡ್ ಬರ್ತಿದ್ಯಾ? ಹಿಂಗೆ ಚೆಕ್ ಮಾಡಿ

ಆಫ್ ಮಾಡಿದ ತಕ್ಷಣ ಸುಯ್ಯ್ ಅಂತಲೋ ಕರಕರ ಅಂತಲೋ ಸದ್ದು ಬಂದ್ರೆ ಸುಮಾರು ಜನ ಟರ್ಬೋ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಪಾರ್ಟ್) ಹೋಯ್ತು ಅಂತ ತಲೆ ಮೇಲೆ ಕೈ ಇಟ್ಕೊಂಡು ಕೂತ್ಬಿಡ್ತಾರೆ. ಅಷ್ಟು ಅವಸರ ಬೇಡ. ಸೌಂಡ್ ಹೆಂಗಿದೆ ಅನ್ನೋದಕ್ಕಿಂತ ಯಾವಾಗ ಶುರುವಾಗುತ್ತೆ, ಎಷ್ಟೊತ್ತು ಇರುತ್ತೆ ಅನ್ನೋದನ್ನ ಮೊದ್ಲು ನೋಡಿ, ಯಾಕಂದ್ರೆ ಇಂಜಿನ್ ನಿಂತ್ಮೇಲೆ ಬಾನೆಟ್ ಒಳಗೆ ಇನ್ನೂ ಅಲ್ಲಾಡ್ತಾ ಇರೋ ಪಾರ್ಟ್ಸ್ ತುಂಬಾ ಕಮ್ಮಿ.

ಇನ್ನೊಬ್ಬರನ್ನ ಸೀಟಲ್ಲಿ ಕೂರಿಸಿ, ನೀವು ಬಾನೆಟ್ ಎತ್ತಿ ಪಕ್ಕದಲ್ಲಿ ನಿಂತು ಆಫ್ ಮಾಡಕ್ಕೆ ಹೇಳಿ. ಬೆಲ್ಟ್, ಫ್ಯಾನ್ ಹತ್ರ ಕೈ ಬೇಡ. ಇಂಜಿನ್ ತಣ್ಣಗಿದ್ದಾಗ ಒಂದ್ಸಲ, ಚೆನ್ನಾಗಿ ಓಡಿಸಿ ಬಂದ್ಮೇಲೆ ಒಂದ್ಸಲ, ಎರಡನ್ನೂ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಇಂಜಿನ್ ನಿಲ್ಲೋ ಕ್ಷಣದಲ್ಲೇ ದಡ್ ಅಂತ ಜೋರಾಗಿ ಅದುರಿದ್ರೆ ಟರ್ಬೋ ಮೇಲೆ ಅನುಮಾನ ಪಡ್ಬೇಡಿ. ತುಂಬಾ ಡೀಸಲ್‌ಗಳಲ್ಲಿ ಆಫ್ ಮಾಡ್ದಾಗ ಗಾಳಿ ಬರೋ ದಾರೀಲಿರೋ ಫ್ಲಾಪ್ ಮುಚ್ಕೊಂಡು ಇಂಜಿನ್ನನ್ನ ಮೆತ್ತಗೆ ನಿಲ್ಸುತ್ತೆ, ಅದು ಕಾರ್ಬನ್ ಕಟ್ಕೊಂಡು ಸ್ಟಕ್ ಆದ್ರೆ ಹಿಂಗೆ ಅದುರುತ್ತೆ.

ನಿಂತ್ಮೇಲೆ ಒಂದೆರಡು ಸೆಕೆಂಡ್ ಸಣ್ಣಗೆ ಸುಯ್ಯ್ ಅಂತ ಇಳೀತಾ ಹೋದ್ರೆ ಅದು ಟರ್ಬೋನೇ, ಆದ್ರೆ ನಾರ್ಮಲ್. ಲೋಡ್ ಇದ್ದಾಗ ನಿಮಿಷಕ್ಕೆ 1 ಲಕ್ಷ ಸುತ್ತು ದಾಟೋ ವೀಲ್ ಟರ್ಬೋ ಒಳಗಿರೋದು, ಐಡಲ್‌ನಲ್ಲಿ ಸ್ಪೀಡ್ ಕಮ್ಮಿ ಇದ್ರೂ ಟಪ್ ಅಂತ ನಿಲ್ಲಲ್ಲ. ಮುಂಚೆ ಕೇಳಿಸ್ತಿರಲಿಲ್ಲ ಈಗ ಕೇಳಿಸ್ತಿದೆ ಅಂದ್ರೆ ಏರ್ ಫಿಲ್ಟರ್ ಬಾಕ್ಸಿನ ಮುಚ್ಚಳ, ಪೈಪಿನ ಕ್ಲಿಪ್ ಸಡಿಲ ಆಗಿದ್ಯಾ ನೋಡಿ.

ಬುಸ್ ಅಂತ ಬಂದು ಹೋದ್ರೆ ವ್ಯಾಕ್ಯೂಮ್ ಆಕ್ಚುಯೇಟರ್ (ಟರ್ಬೋ ಕಂಟ್ರೋಲನ್ನ ವ್ಯಾಕ್ಯೂಮಿಂದ ಆಡಿಸೋ ಪಾರ್ಟ್) ರಿಲೀಸ್ ಆಗಿದ್ದು. ಒಂದೇ ಶ್ರುತೀಲಿ ಜೀಂಯ್ ಅಂದ್ರೆ ಎಲೆಕ್ಟ್ರಿಕ್ ಆಕ್ಚುಯೇಟರ್ ಇರ್ಬೇಕು, ಕೆಲವು ಕಾರಲ್ಲಿ ಆಫ್ ಮಾಡಿದ್ಮೇಲೆ ಅದು ಟರ್ಬೋ ಒಳಗಿನ ವೇನ್‌ಗಳನ್ನ (ಹೊಗೆಯ ದಾರಿ ಹೆಚ್ಚುಕಮ್ಮಿ ಮಾಡೋ ಸಣ್ಣ ರೆಕ್ಕೆಗಳು) ಆ ತುದಿಯಿಂದ ಈ ತುದಿಗೆ ಒಂದ್ಸಲ ಆಡಿಸುತ್ತೆ. ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನ ವಾಪಸ್ ಇಂಜಿನ್ನಿಗೆ ಬಿಡೋ ವಾಲ್ವ್) ಕೂಡ ಹಿಂಗೇ ಮಾಡೋದುಂಟು. ಉದ್ದ ಸ್ಕ್ರೂಡ್ರೈವರ್ ತುದಿಯನ್ನ ಆಕ್ಚುಯೇಟರ್ ಮೇಲಿಟ್ಟು ಹಿಡಿಗೆ ಕಿವಿ ಕೊಟ್ರೆ ಯಾವುದು ಅಂತ ಗೊತ್ತಾಗುತ್ತೆ. ಅದೇ ಟಕಟಕ ಅಂತ ಒದ್ದಾಡ್ತಾ ಇದ್ರೆ ವೇನ್ ಜಾಮ್ ಆಗಿರಬಹುದು ಇಲ್ಲ ಆಕ್ಚುಯೇಟರ್ ಒಳಗಿನ ಗೇರ್ ಸವೆದಿರಬಹುದು, ಸ್ಕ್ಯಾನ್ ಮಾಡ್ಸಿ. ಬಿಸಿ ಸೈಲೆನ್ಸರ್ ತಣ್ಣಗಾಗ್ತಾ ಟಿಕ್ ಟಿಕ್ ಅನ್ನೋದು, ಫ್ಯಾನ್ ಓಡ್ತಾ ಇರೋದು ಇವಕ್ಕೆಲ್ಲ ಟರ್ಬೋ ಬಿಚ್ಚೋದು ಬೇಡ.

ಹೆದರಬೇಕಾಗಿರೋದು ಕಬ್ಬಿಣ ಕೆರೆದಂಗೆ ಕರಕರ ಅಂದು ಸಡನ್ನಾಗಿ ನಿಂತ್ಬಿಡೋ ಸದ್ದಿಗೆ. ಇಂಜಿನ್ ಪೂರ್ತಿ ತಣ್ಣಗಾದ್ಮೇಲೆ, ಆಫ್ ಇರುವಾಗ ಮಾತ್ರ, ಏರ್ ಫಿಲ್ಟರಿಂದ ಟರ್ಬೋಗೆ ಹೋಗೋ ಪೈಪ್ ಬಿಚ್ಚಿ. ವೀಲನ್ನ ಬೆರಳಲ್ಲಿ ತಿರುಗಿಸಿದ್ರೆ ಎಲ್ಲೂ ತಾಗದೆ ತಿರುಗಬೇಕು. ಅಕ್ಕಪಕ್ಕ ಚೂರು ಪ್ಲೇ ಸಾಮಾನ್ಯ, ಆ ಗ್ಯಾಪ್ ಇರೋದೇ ಆಯಿಲ್‌ಗೋಸ್ಕರ, ಆದ್ರೆ ಗೋಡೆಗೆ ತಾಗಬಾರದು. ಹಿಂದೆ ಮುಂದೆ ಎಳೆದ್ರೆ ಕೈಗೆ ಗೊತ್ತಾಗೋವಷ್ಟು ಪ್ಲೇ ಇದ್ರೆ ಬೇರಿಂಗ್ ಕಥೆ ಮುಗೀತು. ಬ್ಲೇಡ್ ತುದಿ ಸವೆದಿದ್ಯಾ, ಒಳಗೋಡೇಲಿ ಗೀರು ಇದ್ಯಾ ನೋಡಿ. ಪೈಪಲ್ಲಿ ತೆಳು ಜಿಡ್ಡು ಇದ್ರೆ ಪರ್ವಾಗಿಲ್ಲ, ಇಂಜಿನ್ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್ ಪೈಪಿಂದ ಬರುತ್ತೆ, ಆಯಿಲ್ ನಿಂತಿದ್ರೆ ಮಾತ್ರ ತಲೆ ಕೆಡಿಸ್ಕೊಳ್ಳಿ.

ತಾಗ್ತಿದೆ ಅಂತ ಗೊತ್ತಾದ್ರೆ ಗಾಡಿ ಓಡಿಸ್ಬೇಡಿ, ಟೋ ಮಾಡ್ಸಿ. ಸೀಲ್ ಹೋಗಿ ಆಯಿಲ್ ಒಳಗೆ ಸುರಿದ್ರೆ ಡೀಸಲ್ ಇಂಜಿನ್ ಅದನ್ನೇ ಕುಡ್ಕೊಂಡು ಕೀ ತೆಗೆದ್ರೂ ರೇಸ್ ಆಗ್ತಾನೇ ಇರುತ್ತೆ. ಮ್ಯಾನ್ಯುವಲ್ ಕಾರಾದ್ರೆ ಟಾಪ್ ಗೇರಿಗೆ ಹಾಕಿ, ಬ್ರೇಕ್ ಪೂರ್ತಿ ಒತ್ತಿ ಕ್ಲಚ್ ಬಿಟ್ಟು ನಿಲ್ಲಿಸ್ಬೇಕಾಗುತ್ತೆ.

ಹೊಸ ಟರ್ಬೋ ಹಾಕ್ಸೋ ಮುಂಚೆ ಹಳೇದು ಯಾಕೆ ಹೋಯ್ತು ಅಂತ ಕೇಳಿ. ಆಯಿಲ್ ಬರೋ ಸಣ್ಣ ಪೈಪ್ ಕಾರ್ಬನ್ನಿಂದ ಕಟ್ಟಿದ್ರೆ ಹೊಸದೂ ಬೇಗ ಹೋಗುತ್ತೆ. ಆ ಪೈಪ್ ಬದಲಾಯಿಸಿ, ಇಂಟರ್‌ಕೂಲರ್ (ಟರ್ಬೋಯಿಂದ ಬರೋ ಬಿಸಿ ಗಾಳಿ ತಣ್ಣಗೆ ಮಾಡೋ ಪಾರ್ಟ್) ಒಳಗಿನ ಆಯಿಲ್ ಮತ್ತೆ ಬ್ಲೇಡಿನ ಚೂರುಪಾರು ಕ್ಲೀನ್ ಮಾಡ್ಸಿ, ಆಯಿಲ್, ಫಿಲ್ಟರ್ ಎರಡೂ ಹೊಸದು ಹಾಕ್ಸಿ, ಸ್ಟಾರ್ಟ್ ಮಾಡೋ ಮುಂಚೆ ಟರ್ಬೋಗೆ ಆಯಿಲ್ ತುಂಬಿಸಿದ್ರಾ ಅಂತ ನಿಂತು ನೋಡಿ.