ಕೌಂಟಿ ಎರಡಾದಾಗ ಕೇರ್ ಕಂಪನಿ ನಡೆಸುವವರು ಏನು ಮಾಡಬೇಕು?

ಇಂಗ್ಲೆಂಡ್‌ನಲ್ಲಿ ಕೇರ್ ಹೋಮ್ ಅಥವಾ ಹೋಮ್ ಕೇರ್ ನಡೆಸುವ ಕನ್ನಡಿಗರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅಲ್ಲಿ ಕೇರರ್ ಆಗಿರುವವರೂ ಓದಿ, ನಿಮ್ಮ ಸಂಬಳದ ವಿಷಯವೂ ಇದರಲ್ಲಿದೆ.

ಅಲ್ಲಿನ ಹಲವು ಭಾಗಗಳಲ್ಲಿ ಮೇಲೆ ಕೌಂಟಿ, ಕೆಳಗೆ ಡಿಸ್ಟ್ರಿಕ್ಟ್ ಅಂತ ಎರಡು ಹಂತದ ಕೌನ್ಸಿಲ್‌ಗಳಿವೆ, ಅಂದರೆ ಸ್ಥಳೀಯ ಆಡಳಿತಗಳು. ಆರೈಕೆಗೆ ದುಡ್ಡು ಕೊಡುವುದು ಕೌಂಟಿ. ಮನೆಗೆ ರ‍್ಯಾಂಪ್ ಹಾಕಿಸಲು ಅನುದಾನ ಕೊಡುವುದು ಡಿಸ್ಟ್ರಿಕ್ಟ್. ಇವೆರಡನ್ನೂ ಸೇರಿಸಿ ಒಂದೇ ಹಂತ ಮಾಡುವುದಾಗಿ ಸರ್ಕಾರ 2024ರ ಡಿಸೆಂಬರ್‌ನಲ್ಲಿ ಹೇಳಿತು. ಈ ಯೋಜನೆಯಲ್ಲಿ ಮೊದಲ ಸರದಿ ಲಂಡನ್ ಪಕ್ಕದ ಸರ್ರೆ ಕೌಂಟಿಯದು. ಅಲ್ಲಿ 12 ಕೌನ್ಸಿಲ್‌ಗಳು ಹೋಗಿ, 2027ರ ಏಪ್ರಿಲ್ 1ರಿಂದ ಈಸ್ಟ್ ಸರ್ರೆ, ವೆಸ್ಟ್ ಸರ್ರೆ ಅಂತ ಎರಡೇ ಉಳಿಯುತ್ತವೆ.

ಹನ್ನೆರಡು ಸೇರಿ ಎರಡಾದವು ಅನ್ನಿಸುತ್ತದೆ, ಅಲ್ವಾ? ನಮ್ಮ ಮಟ್ಟಿಗೆ ಮಾತ್ರ ಆರೈಕೆಗೆ ದುಡ್ಡು ಕೊಡುವ ಕೌನ್ಸಿಲ್ ಒಂದಿದ್ದದ್ದು ಎರಡಾಗುತ್ತದೆ. ಈ ಯೋಜನೆಗೂ ಮುಂಚೆಯೇ ಹೀಗೆ ಎರಡಾದ ಉತ್ತರದ ಕಂಬ್ರಿಯಾ ಕೌಂಟಿ ನೋಡಿ. ಪೆನ್ರಿತ್‌ನಲ್ಲಿ ಒಬ್ಬರಿಗೆ ಬೆಳಗಿನ ಸ್ನಾನ ಮಾಡಿಸಿ, ಎ66 ರಸ್ತೆ ಹಿಡಿದು ಕೆಸ್ವಿಕ್‌ಗೆ ಹೋಗಿ ಇನ್ನೊಬ್ಬರಿಗೆ ತಿಂಡಿ ಕೊಡುವ ಕೇರರ್‌ಗೆ 2023ರ ಮಾರ್ಚ್ 31ರವರೆಗೆ ಎರಡೂ ಮನೆ ಒಂದೇ ಕೌಂಟಿಯಲ್ಲಿದ್ದವು. ಮಾರನೇ ದಿನ ಪೆನ್ರಿತ್ ವೆಸ್ಟ್‌ಮೋರ್‌ಲ್ಯಾಂಡ್ ಅಂಡ್ ಫರ್ನೆಸ್‌ಗೆ ಹೋಯಿತು, ಕೆಸ್ವಿಕ್ ಕಂಬರ್‌ಲ್ಯಾಂಡ್‌ಗೆ. ರಸ್ತೆ ಅದೇ, ದುಡ್ಡು ಕೊಡುವವರು ಬೇರೆ.

ಹಾಗಾಗಿ ಮೊದಲು ಪೋಸ್ಟ್‌ಕೋಡ್ ಪ್ರಕಾರ ನಿಮ್ಮ ಕ್ಲೈಂಟ್‌ಗಳ ಪಟ್ಟಿ ಮಾಡಿ. ಹೊಸ ಗಡಿಯ ಆಚೆ ಎಷ್ಟು ಜನ, ಈಚೆ ಎಷ್ಟು ಜನ, ಯಾವ ಕೇರರ್ ಎರಡೂ ಕಡೆ ಓಡಾಡುತ್ತಾರೆ, ಎಲ್ಲ ಬರೆದಿಡಿ. ಮುಂದೆ ಎರಡು ಕಡೆ ಎರಡು ದರ ಬಂದರೆ ಲೆಕ್ಕ ಹಾಕಲು ಇದೇ ಬೇಕಾಗುತ್ತದೆ.

ಆಮೇಲೆ ಒಪ್ಪಂದ ತೆಗೆದು ನೋಡಿ. ಹಳೇ ಕೌನ್ಸಿಲ್ ಹೋದರೂ ಅದರ ಒಪ್ಪಂದಗಳು ಕಾನೂನಿನ ಪ್ರಕಾರ ಹೊಸದಕ್ಕೆ ಬರುತ್ತವೆ, ಗಾಬರಿ ಬೇಡ. ಗಮನ ಇಡಬೇಕಾದ್ದು ಮುಗಿಯುವ ದಿನಾಂಕದ ಮೇಲೆ. ರದ್ದಾಗಲಿರುವ ಕೌನ್ಸಿಲ್‌ಗಳು ದೊಡ್ಡ ಮೊತ್ತದ ಒಪ್ಪಂದ ಮಾಡದಂತೆ ಸರ್ಕಾರ ತಡೆ ಹಾಕಬಹುದು. ಆಗ ಬೇರೆಯವರ ಒಪ್ಪಿಗೆಗೆ ಕಾಯಬೇಕಾಗುತ್ತದೆ. ಬದಲಾವಣೆಯ ಹೊತ್ತಿಗೇ ನಿಮ್ಮದು ಮುಗಿಯುವುದಾದರೆ ಈಗಲೇ ಕೌನ್ಸಿಲ್‌ನ ಕಮಿಷನಿಂಗ್ ತಂಡಕ್ಕೆ (ಆರೈಕೆಯ ಒಪ್ಪಂದ ಮಾಡುವವರಿಗೆ) ಬರೆಯಿರಿ. ಉತ್ತರ ಬರಹದಲ್ಲೇ ಬರಲಿ. ಏಪ್ರಿಲ್‌ನ ದರ ಏರಿಕೆಯನ್ನು ಯಾರು ನಿರ್ಧರಿಸುತ್ತಾರೆ ಅಂತಲೂ ಅದೇ ಪತ್ರದಲ್ಲಿ ಕೇಳಿ.

ಈಗ ಕೊನೆಯದಾಗಿ ಕಳಿಸಿದ ಇನ್‌ವಾಯ್ಸ್ ಕೈಗೆತ್ತಿಕೊಳ್ಳಿ. ಮೇಲ್ಗಡೆ ಕೌನ್ಸಿಲ್ ಹೆಸರು, ಅದರ ಕೆಳಗೆ ನಿಮ್ಮ ಸಪ್ಲೈಯರ್ ನಂಬರ್, ಪರ್ಚೇಸ್ ಆರ್ಡರ್ ನಂಬರ್, ಕಳಿಸಿದ ಇಮೇಲ್ ವಿಳಾಸ. ಈ ನಾಲ್ಕೂ ಬದಲಾಗಬಹುದು. ಒಂದು ತಪ್ಪಾದರೂ ಬಿಲ್ ವಾಪಸ್ ಬರಬಹುದು. ಕೌನ್ಸಿಲ್‌ಗೆ ಅದು ಸುಮ್ನೆ ಒಂದು ತಡವಾದ ಬಿಲ್. ವಾರಕ್ಕೊಮ್ಮೆ ಸಂಬಳ ಕೊಡುವ ಸಣ್ಣ ಕಂಪನಿಗೆ ಅದೇ ಜಾಸ್ತಿ ಹೊಡೆತ. ಬದಲಾವಣೆಗೆ ಮುಂಚಿನ ಮಾರ್ಚ್ ಮುಗಿಯುವ ಒಳಗೆ ಹಳೇ ಬಾಕಿ ವಸೂಲು ಮಾಡಿ. ಒಂದು ತಿಂಗಳ ಸಂಬಳದಷ್ಟು ದುಡ್ಡು ಕೈಯಲ್ಲಿಟ್ಟುಕೊಳ್ಳಿ, ಆಗದಿದ್ದರೆ ಬ್ಯಾಂಕಿನ ಜೊತೆ ಮೊದಲೇ ಮಾತಾಡಿ.

ಆರೈಕೆಯ ಗುಣಮಟ್ಟ ನೋಡುವ ಸಿಕ್ಯುಸಿಯ ನೋಂದಣಿ, ವಿದೇಶಿ ಕೆಲಸಗಾರರನ್ನು ಇಟ್ಟುಕೊಳ್ಳಲು ಬೇಕಾದ ಹೋಮ್ ಆಫೀಸಿನ ಸ್ಪಾನ್ಸರ್ ಲೈಸೆನ್ಸ್ ಎರಡೂ ಕೌನ್ಸಿಲ್‌ಗೆ ಸೇರಿದ್ದಲ್ಲ, ಹಾಗೇ ಇರುತ್ತವೆ. ಕ್ಲೈಂಟ್‌ಗೆ ಹಿಂಸೆ, ನಿರ್ಲಕ್ಷ್ಯ ಆಗುತ್ತಿದೆ ಅನ್ನಿಸಿದರೆ ಕೌನ್ಸಿಲ್‌ಗೆ ತಿಳಿಸುವ ಸೇಫ್‌ಗಾರ್ಡಿಂಗ್ ಫೋನ್ ನಂಬರ್ ಬದಲಾಗಬಹುದು. ಬದಲಾದ ದಿನವೇ ಆಫೀಸಿನ ಗೋಡೆಯ ಮೇಲೂ ಕೇರರ್‌ಗಳ ಫೋನಿನಲ್ಲೂ ಹೊಸದನ್ನು ಹಾಕಿಸಿ.

ಇಷ್ಟಾದ ಮೇಲೆ ಕ್ಲೈಂಟ್‌ಗಳ ಹತ್ತಿರ ಕೂತು ಮಾತಾಡಿ. ಹೊಸ ಹೆಸರಿನ ಕೌನ್ಸಿಲ್‌ನಿಂದ ಪತ್ರ ಬಂದರೆ 85 ದಾಟಿದ ಅಜ್ಜಿಗೆ ಮೊದಲು ಹೊಳೆಯುವ ಪ್ರಶ್ನೆ, ನಾಳೆ ಬೆಳಿಗ್ಗೆ ಯಾರು ಬರುತ್ತಾರೆ ಅಂತ. ಬರುವವರ ಹೆಸರು, ಹೊತ್ತು ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿ ಬನ್ನಿ.